ಫಲಕವಿಲ್ಲದ ಬಾಗಿಲು: ಎಲ್.ಜಿ. ಹಾವನೂರರ ಕೆಲಸ ಮತ್ತು ನಮ್ಮ ಶಾಲೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದೆ. ಈ ಸಂದರ್ಭದ ಉಪನ್ಯಾಸ ಮಾಲೆಯಲ್ಲಿ ನನಗೆ ಕೊಟ್ಟ ವಿಷಯ, ಅಮೆರಿಕದ ಕಪ್ಪು ಜನರ ನಾಗರಿಕ ಹಕ್ಕುಗಳಿಗಾಗಿ ಹೋರಾಡಿ ಮುಂದೆ ರಾಜಕಾರಣಿಯಾದ ಒಬ್ಬ ನಾಯಕನ ಬದುಕು. ಸಂಘಟಕರ ಮಾತಿಗೆ ನಾನು ತಪ್ಪುವುದಿಲ್ಲ. ಆದರೆ ಅಲ್ಲಿಂದ ಶುರು ಮಾಡಿ ನಮ್ಮ ನೆಲಕ್ಕೆ ಬರುತ್ತೇನೆ. ಏಕೆಂದರೆ ಅಂಥದೇ ಕೆಲಸವನ್ನು ಕರ್ನಾಟಕದಲ್ಲಿ ಮಾಡಿದ ಒಬ್ಬರಿದ್ದಾರೆ. ಅವರ ಕೆಲಸದ ಫಲ ಈ ಸಭೆಯಲ್ಲಿ ಕುಳಿತವರಲ್ಲಿ ಬಹಳ ಜನಕ್ಕೆ ಸಿಕ್ಕಿದೆ. ಅವರ ಹೆಸರು ಮಾತ್ರ ನಮ್ಮ ಮಕ್ಕಳಿಗೆ ಅಷ್ಟಾಗಿ ಗೊತ್ತಿಲ್ಲ. ಅವರು ಎಲ್.ಜಿ. ಹಾವನೂರ.

ಮೊದಲು ಅಮೆರಿಕದ ನಾಯಕನ ಕಥೆ. ಅವರ ಹೆಸರು ಜಾನ್ ಲೂಯಿಸ್. 1940ರಲ್ಲಿ ಅಲಬಾಮ ರಾಜ್ಯದ ಟ್ರಾಯ್ ಎಂಬ ಸಣ್ಣ ಪಟ್ಟಣದ ಹತ್ತಿರ, ಬೇರೆಯವರ ಹೊಲವನ್ನು ಪಾಲಿಗೆ ಮಾಡುವ ಮನೆಯಲ್ಲಿ ಹುಟ್ಟಿದರು. ಹತ್ತಿ ಬಿಡಿಸುವುದು ಆ ಮನೆಯ ಮಕ್ಕಳಿಗೂ ತಪ್ಪದ ಕೆಲಸ. ಹತ್ತಿ ಹೊಲದ ಕೂಲಿ ಎಂದರೇನು ಎಂದು ದೇವದುರ್ಗ, ಮಾನ್ವಿಯ ಮಕ್ಕಳಿಗೆ ನಾನು ವಿವರಿಸಬೇಕಾಗಿಲ್ಲ. 1956ರಲ್ಲಿ, ಹದಿನಾರರ ಪ್ರಾಯದಲ್ಲಿ, ಲೂಯಿಸ್ ಪಟ್ಟಣದ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಸದಸ್ಯತ್ವದ ಕಾರ್ಡು ಕೇಳಿದರು. ಈ ಗ್ರಂಥಾಲಯ ಬಿಳಿಯರಿಗೆ ಮಾತ್ರ ಎಂಬ ಉತ್ತರ ಸಿಕ್ಕಿತು.

ಮುಂದೆ ಅವರು ಮಾರ್ಟಿನ್ ಲೂಥರ್ ಕಿಂಗ್ ಅವರ ಚಳವಳಿಯಲ್ಲಿ ಸೇರಿದರು. ಸೆಲ್ಮಾ ಎಂಬ ಊರಿನ ಸೀಮೆಯಲ್ಲಿ ಮತದಾನದ ವಯಸ್ಸಿಗೆ ಬಂದ ಕಪ್ಪು ಜನರಲ್ಲಿ ನೂರಕ್ಕೆ ಎರಡರಷ್ಟು ಮಂದಿಯ ಹೆಸರು ಮಾತ್ರ ಮತದಾರರ ಪಟ್ಟಿಯಲ್ಲಿತ್ತು. ಹೆಸರು ಬರೆಸಲು ಹೋದವರಿಗೆ ಓದು ಬರಹದ ಪರೀಕ್ಷೆ ಇಟ್ಟು ಹಿಂದಕ್ಕೆ ಕಳಿಸುತ್ತಿದ್ದರು. ಇದರ ವಿರುದ್ಧ 1965ರ ಮಾರ್ಚ್ 7ರಂದು ಸುಮಾರು ಆರುನೂರು ಜನ ಮೆರವಣಿಗೆ ಹೊರಟರು. ಮುಂದಿನ ಸಾಲಿನಲ್ಲಿ ಲೂಯಿಸ್ ಇದ್ದರು. ಸೇತುವೆ ದಾಟಿದೊಡನೆ ಪೊಲೀಸರು ಲಾಠಿ ಬೀಸಿದರು. ಲೂಯಿಸರ ತಲೆಬುರುಡೆ ಒಡೆಯಿತು. ಅದೇ ವರ್ಷದ ಆಗಸ್ಟ್ 6ರಂದು ಮತದಾನದ ಹಕ್ಕಿನ ಕಾಯ್ದೆ ಬಂತು. 1987ರಿಂದ 2020ರಲ್ಲಿ ತೀರಿಕೊಳ್ಳುವವರೆಗೆ ಅವರು ಅಮೆರಿಕದ ಸಂಸತ್ತಿನ ಸದಸ್ಯರಾಗಿದ್ದರು. ಯಾವ ಗ್ರಂಥಾಲಯ ಕಾರ್ಡು ಕೊಡಲಿಲ್ಲವೋ ಅದೇ ಗ್ರಂಥಾಲಯಕ್ಕೆ 1998ರಲ್ಲಿ ತಮ್ಮ ಪುಸ್ತಕದ ಕಾರ್ಯಕ್ರಮಕ್ಕೆ ಹೋದಾಗ ಅವರ ಕೈಗೆ ಆ ಕಾರ್ಡು ಬಂತು.

ಮಕ್ಕಳೇ, ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಲೂಯಿಸರ ಕಾಲದ ಅಲಬಾಮದಲ್ಲಿ ತಾರತಮ್ಯ ಕಣ್ಣಿಗೆ ಕಾಣುತ್ತಿತ್ತು. ಬಿಳಿಯರಿಗೆ ಮಾತ್ರ ಎಂದು ಫಲಕ ಬರೆದು ತೂಗುಹಾಕಿದ್ದರು. ನಮ್ಮಲ್ಲಿಯೂ ಅಸ್ಪೃಶ್ಯತೆ ಕಣ್ಣಿಗೆ ಕಾಣುವಂಥದೇ. ಬಾವಿ, ಗುಡಿ, ಚಹಾದ ಅಂಗಡಿ, ಎಲ್ಲಿಯೂ ಅದು ಕಂಡಿದೆ, ಕೆಲವು ಕಡೆ ಇಂದಿಗೂ ಕಾಣುತ್ತದೆ. ಆದರೆ ಸರ್ಕಾರಿ ಪ್ರೌಢಶಾಲೆಯ ಬಾಗಿಲಲ್ಲಿ ಯಾರನ್ನೂ ಬರಬೇಡಿ ಎನ್ನುವ ಫಲಕ ಇರಲಿಲ್ಲ. ಬಾಗಿಲು ಎಲ್ಲರಿಗೂ ತೆರೆದಿತ್ತು. ಕುರಿ ಕಾಯುವವರ ಮಕ್ಕಳು, ಕಲ್ಲು ಒಡೆಯುವವರ ಮಕ್ಕಳು, ಮೀನು ಹಿಡಿಯುವವರ ಮಕ್ಕಳು ಮಾತ್ರ ಆ ಬಾಗಿಲವರೆಗೆ ಬರುತ್ತಿರಲಿಲ್ಲ. ಯಾಕೆ ಬರಲಿಲ್ಲ ಎಂದು ಕೇಳಿದರೆ, ಅವರಿಗೆ ಓದಿನ ಮೇಲೆ ಮನಸ್ಸಿಲ್ಲ ಎಂಬ ಉತ್ತರ ಸಿದ್ಧವಾಗಿತ್ತು. ಫಲಕವಿದ್ದರೆ ಕಿತ್ತು ಹಾಕಬಹುದು. ಫಲಕವೇ ಇಲ್ಲದಿದ್ದರೆ? ಅದು ಇದೆ ಎಂದು ಮೊದಲು ತೋರಿಸಬೇಕು. ಹಾಗೆ ತೋರಿಸುವ ಕೆಲಸವನ್ನು ಹಾವನೂರರು ಮಾಡಿದರು. ತೋರಿಸಲು ಅವರು ಬಳಸಿದ್ದು ಯಾವ ಸಾಧನ ಎಂದು ಮುಂದೆ ಹೇಳುತ್ತೇನೆ. ಅದು ನಮ್ಮಂಥ ಪ್ರೌಢಶಾಲೆಯ ಒಳಗೇ ಇರುವ ಸಾಧನ.

ಲಕ್ಷ್ಮಣ ಹಾವನೂರರು ಈಗಿನ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಕಡೆಯವರು. ನಾಯಕ ಸಮುದಾಯದಲ್ಲಿ ಹುಟ್ಟಿದವರು. ಬೇಡರು, ನಾಯಕರು, ವಾಲ್ಮೀಕಿಗಳು ಎಂದು ನಮ್ಮ ಕಡೆ ಬೇರೆ ಬೇರೆ ಹೆಸರಲ್ಲಿ ಕರೆಯುವ ಸಮುದಾಯವೇ ಅದು. ನಮ್ಮ ಪಕ್ಕದ ಸುರಪುರದಲ್ಲಿ ಸಂಸ್ಥಾನ ಕಟ್ಟಿ ಆಳಿದವರು, 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ರಾಜಾ ವೆಂಕಟಪ್ಪ ನಾಯಕರನ್ನು ಕೊಟ್ಟವರು ಇದೇ ಜನ. ಕೋಟೆ ಆಳಿದ ಸಮುದಾಯದ ಮಕ್ಕಳು ನೂರು ವರ್ಷದ ನಂತರ ಶಾಲೆಯ ಹಾಜರಿ ಪುಸ್ತಕದಲ್ಲಿ ಕಾಣದಂತಾದರು ಎಂಬುದನ್ನು ನೆನಪಿಟ್ಟುಕೊಳ್ಳಿ. ಒಂದು ಸಮುದಾಯ ಹಿಂದುಳಿಯುವುದು ಅದರ ರಕ್ತದಿಂದಲ್ಲ, ಕಾಲ ಮತ್ತು ವ್ಯವಸ್ಥೆ ಅದನ್ನು ಎಲ್ಲಿಗೆ ತಳ್ಳಿತು ಎಂಬುದರಿಂದ. ಹಾವನೂರರು ಕಾನೂನು ಓದಿ ವಕೀಲರಾದರು. ಈ ವಕೀಲಿಕೆ ಮುಂದೆ ಅವರ ಕೆಲಸಕ್ಕೆ ಬಹಳ ಉಪಯೋಗವಾಯಿತು.

ಅದು ಹೇಗೆ ಎಂದು ತಿಳಿಯಲು ಸ್ವಲ್ಪ ಹಿಂದಿನ ಇತಿಹಾಸ ಬೇಕು.

ಹಳೆಯ ಮೈಸೂರು ಸಂಸ್ಥಾನದಲ್ಲಿ ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಅವಕಾಶ ಕೊಡುವ ವಿಚಾರ 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯ ಕಾಲದಿಂದಲೇ ನಡೆದಿತ್ತು. ನಮ್ಮ ರಾಯಚೂರಿನ ಕಥೆ ಬೇರೆ. ನಾವು ನಿಜಾಮರ ಆಳ್ವಿಕೆಯಲ್ಲಿದ್ದೆವು. ಆಡುವ ಮಾತು ಕನ್ನಡ, ಆಡಳಿತದ ಭಾಷೆ ಉರ್ದು. ಶಾಲೆಗಳೇ ಕಡಿಮೆ. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದ್ದು ಅಂಥ ಬರಗಾಲದಲ್ಲಿ ತೋಡಿದ ಬಾವಿಯ ಹಾಗೆ. 1948ರ ಸೆಪ್ಟೆಂಬರಿನಲ್ಲಿ ನಮ್ಮ ಭಾಗಕ್ಕೆ ವಿಮೋಚನೆ ಸಿಕ್ಕಿತು. 1956ರ ನವೆಂಬರ್ 1ರಂದು ನಾವು ವಿಶಾಲ ಮೈಸೂರು ರಾಜ್ಯ ಸೇರಿದೆವು.

ರಾಜ್ಯ ಒಂದಾದರೂ ಪಟ್ಟಿಗಳು ಒಂದಾಗಲಿಲ್ಲ. ಮೈಸೂರಿನ ಪಟ್ಟಿ ಬೇರೆ, ಮುಂಬೈ ಪ್ರಾಂತ್ಯದಿಂದ ಬಂದ ಜಿಲ್ಲೆಗಳದು ಬೇರೆ, ಹೈದರಾಬಾದಿನಿಂದ ಬಂದ ನಮ್ಮದು ಬೇರೆ. ಕೃಷ್ಣೆಯ ಆಚೆ ವಿಜಾಪುರ ಸೀಮೆಯಲ್ಲಿ ನಾಯಕ ಎಂಬ ಹೆಸರು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿತ್ತು. ಈಚೆ ರಾಯಚೂರಿಗೆ ಅನ್ವಯವಾಗುವ ಪಟ್ಟಿಯಲ್ಲಿ ಇರಲಿಲ್ಲ. ಹೊಳೆಯ ಎರಡು ದಡದಲ್ಲಿ ಒಂದೇ ದೇವರು, ಒಂದೇ ಬಳಗ, ಬೀಗತನ ಕೂಡ ನಡೆಯುತ್ತದೆ. ಸರ್ಕಾರದ ಕಾಗದದಲ್ಲಿ ಮಾತ್ರ ಅವರು ಬೇರೆ ಬೇರೆ ಜನ. ಈ ಪ್ರಾದೇಶಿಕ ಮಿತಿಯನ್ನು ಸಂಸತ್ತು 1976ರ ತಿದ್ದುಪಡಿಯಲ್ಲಿ ತೆಗೆದುಹಾಕಿತು.

ಹಿಂದುಳಿದ ವರ್ಗಗಳಿಗೆ ಇಡೀ ರಾಜ್ಯಕ್ಕೆ ಅನ್ವಯವಾಗುವ ಅಳತೆ ಬೇಕೆಂದು 1960ರಲ್ಲಿ ಡಾ. ನಾಗನಗೌಡ ಸಮಿತಿ ನೇಮಕವಾಯಿತು. ಆ ಸಮಿತಿ ಹಿಡಿದ ಅಳತೆಗೋಲು ಯಾವುದು ಗೊತ್ತೇ? ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳು. ಒಂದೊಂದು ಸಮುದಾಯದಲ್ಲಿ ಸಾವಿರ ಜನಕ್ಕೆ ಎಷ್ಟು ಮಕ್ಕಳು ಆ ತರಗತಿಗಳಲ್ಲಿದ್ದಾರೆ ಎಂದು ಅದು ಲೆಕ್ಕ ಹಾಕಿತು. ರಾಜ್ಯದ ಸರಾಸರಿ ಸಾವಿರಕ್ಕೆ 6.9 ಬಂತು. ಅಂದರೆ ಸಾವಿರ ಜನರಿರುವ ಕಡೆ ಪ್ರೌಢಶಾಲೆಯ ಮೇಲಿನ ತರಗತಿಗಳಲ್ಲಿ ಏಳು ಮಕ್ಕಳೂ ಪೂರ್ತಿ ಇಲ್ಲ. ಸರಾಸರಿಯೇ ಇಷ್ಟಾದರೆ ಅದಕ್ಕಿಂತ ಕೆಳಗಿನವರ ಪಾಡು ಏನಿರಬೇಕು?

ಸರ್ಕಾರ 1962ರಲ್ಲಿ ಕಾಲೇಜು ಸೀಟುಗಳಲ್ಲಿ ನೂರಕ್ಕೆ 68ರಷ್ಟನ್ನು ಮೀಸಲಿಟ್ಟು ಆದೇಶ ಹೊರಡಿಸಿತು. ಅದನ್ನು ಪ್ರಶ್ನಿಸಿ ಕೆಲವರು ಸುಪ್ರೀಂ ಕೋರ್ಟಿಗೆ ಹೋದರು. ಬಾಲಾಜಿ ಪ್ರಕರಣ ಎಂದು ಕಾನೂನು ಓದುವವರೆಲ್ಲ ಇಂದಿಗೂ ಓದುವ ತೀರ್ಪು ಅದು. ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿತು. ಜಾತಿಯೊಂದನ್ನೇ ಅಳತೆಯಾಗಿ ಹಿಡಿಯಬಾರದು, ಬಡತನ, ಕಸುಬು, ವಾಸದ ಸ್ಥಳ ಇವನ್ನೂ ನೋಡಬೇಕು, ಮೀಸಲಾತಿ ಸಾಮಾನ್ಯವಾಗಿ ಅರ್ಧದೊಳಗೆ ಇರಬೇಕು ಎಂದಿತು. ಆ ಮೇಲೆ ಹತ್ತು ವರ್ಷ ರಾಜ್ಯದಲ್ಲಿ ಜಾತಿಯನ್ನು ಬದಿಗಿಟ್ಟು ಆದಾಯ ಮತ್ತು ಕಸುಬಿನ ಮೇಲೆಯೇ ಹಿಂದುಳಿದಿರುವಿಕೆಯನ್ನು ಅಳೆದರು.

1972ರ ಮಾರ್ಚಿನಲ್ಲಿ ದೇವರಾಜ ಅರಸು ಮುಖ್ಯಮಂತ್ರಿಯಾದರು. ಅದೇ ವರ್ಷದ ಆಗಸ್ಟ್ 8ರಂದು ಕರ್ನಾಟಕದ ಮೊದಲ ಹಿಂದುಳಿದ ವರ್ಗಗಳ ಆಯೋಗ ರಚನೆಯಾಯಿತು. ಅಧ್ಯಕ್ಷರು ಎಲ್.ಜಿ. ಹಾವನೂರ. ಹಾವನೂರರ ಎದುರಿಗಿದ್ದ ಕಷ್ಟ ಈಗ ನಿಮಗೆ ಅರ್ಥವಾಗಿರಬಹುದು. ಒಂದು ಕಡೆ, ತಮ್ಮ ಮಕ್ಕಳಿಗೆ ಶಾಲೆಯೂ ಇಲ್ಲ, ನೌಕರಿಯೂ ಇಲ್ಲ ಎಂದು ಅಹವಾಲು ಹಿಡಿದು ನಿಂತ ನೂರಾರು ಸಮುದಾಯಗಳು. ಇನ್ನೊಂದು ಕಡೆ, ಹತ್ತು ವರ್ಷದ ಹಿಂದೆ ಇಂಥದೇ ಪ್ರಯತ್ನವನ್ನು ರದ್ದು ಮಾಡಿದ ನ್ಯಾಯಾಲಯ. ಭಾಷಣ ಮಾಡಿ ಗೆಲ್ಲುವ ಕೆಲಸ ಇದಲ್ಲ ಎಂದು ವಕೀಲರಾದ ಅವರಿಗೆ ಗೊತ್ತಿತ್ತು. ಮುಂದೆ ಯಾರಾದರೂ ಪ್ರಶ್ನೆ ಮಾಡಿದರೆ ಎತ್ತಿ ತೋರಿಸಬಹುದಾದ ಲೆಕ್ಕ ಬೇಕಿತ್ತು. ಆಯೋಗ ರಾಜ್ಯ ಸುತ್ತಿತು, ಜನರ ಅಹವಾಲು ಕೇಳಿತು, ಮನೆಮನೆಯ ಸಮೀಕ್ಷೆ ಮಾಡಿಸಿತು, ಸರ್ಕಾರಿ ನೌಕರಿಯಲ್ಲಿ ಯಾವ ಸಮುದಾಯದವರು ಎಷ್ಟಿದ್ದಾರೆಂದು ನೋಡಿತು.

ಶಿಕ್ಷಣದ ವಿಷಯಕ್ಕೆ ಬಂದಾಗ ಅದು ಆರಿಸಿಕೊಂಡ ಅಳತೆ ಎಸ್‌ಎಸ್‌ಎಲ್‌ಸಿ. 1972ರ ಪರೀಕ್ಷೆಯಲ್ಲಿ ಒಂದೊಂದು ಸಮುದಾಯದಿಂದ ಸಾವಿರ ಜನಸಂಖ್ಯೆಗೆ ಎಷ್ಟು ಮಕ್ಕಳು ಪಾಸಾಗಿದ್ದಾರೆ ಎಂದು ಆಯೋಗ ಎಣಿಸಿತು. ರಾಜ್ಯದ ಸರಾಸರಿ ಸಾವಿರಕ್ಕೆ 1.69.

ಮಕ್ಕಳೇ, ಈ ಸಂಖ್ಯೆಯನ್ನು ಬರೆದುಕೊಳ್ಳಿ. 1971ರ ಜನಗಣತಿಯ ಪ್ರಕಾರ ರಾಜ್ಯದ ಜನಸಂಖ್ಯೆ ಸುಮಾರು 2 ಕೋಟಿ 93 ಲಕ್ಷ. ಗುಣಿಸಿ ನೋಡಿದರೆ ಇಡೀ ರಾಜ್ಯದಲ್ಲಿ ಆ ವರ್ಷ ಪಾಸಾದವರು ಐವತ್ತು ಸಾವಿರದ ಆಸುಪಾಸು ಎಂದು ತಿಳಿಯುತ್ತದೆ. ಇನ್ನೂ ಹತ್ತಿರದಿಂದ ನೋಡೋಣ. ಎರಡು ಸಾವಿರ ಜನರಿರುವ ಒಂದು ಹಳ್ಳಿ ಇದೆ ಎನ್ನಿ. ಸರಾಸರಿಯ ಪ್ರಕಾರ ಆ ಹಳ್ಳಿಯಿಂದ ವರ್ಷಕ್ಕೆ ಮೂರು ಮಕ್ಕಳು ಪಾಸಾಗಬೇಕು. ಆದರೆ ಸರಾಸರಿ ಎಂಬುದು ಮೋಸದ ಮಾತು. ಆ ಮೂವರೂ ಗೌಡರ, ಶ್ಯಾನುಭೋಗರ, ಅಂಗಡಿಯವರ ಮನೆಯವರೇ ಆಗಿದ್ದರೆ? ಹಳ್ಳಿಯ ಲೆಕ್ಕ ಸರಿಯಾಗಿಯೇ ಇರುತ್ತದೆ. ಕೇರಿಯ ಲೆಕ್ಕ ಸೊನ್ನೆಯಾಗಿರುತ್ತದೆ. ಅದಕ್ಕಾಗಿಯೇ ಸಮುದಾಯವಾರು ಎಣಿಸಬೇಕೆಂದು ಹಾವನೂರರು ಹಟ ಹಿಡಿದರು. ಎಣಿಸಿದಾಗ ಫಲಕ ಕಾಣಿಸಿತು. ಯಾರೂ ಬರೆದಿರಲಿಲ್ಲ, ಆದರೂ ಅದು ಬಾಗಿಲ ಮೇಲೆ ಇತ್ತು.

ರಾಜ್ಯದ ಸರಾಸರಿಗಿಂತ ಕೆಳಗಿದ್ದು, ಅದರ ಅರ್ಧಕ್ಕಿಂತ ಮೇಲಿರುವವರನ್ನು ಆಯೋಗ ಹಿಂದುಳಿದ ಸಮುದಾಯಗಳು ಎಂದು ಕರೆಯಿತು. ಸರಾಸರಿಯ ಅರ್ಧಕ್ಕಿಂತಲೂ ಕೆಳಗಿರುವವರನ್ನು ಹಿಂದುಳಿದ ಜಾತಿಗಳು ಎಂದಿತು. ಊರಿಂದ ಊರಿಗೆ ಅಲೆಯುವ ಅಲೆಮಾರಿಗಳನ್ನೂ, ಬ್ರಿಟಿಷರ ಕಾಲದಲ್ಲಿ ಅಪರಾಧಿ ಬುಡಕಟ್ಟು ಎಂಬ ಹಣೆಪಟ್ಟಿ ಹೊತ್ತವರನ್ನೂ ಹಿಂದುಳಿದ ಬುಡಕಟ್ಟುಗಳು ಎಂದು ಪ್ರತ್ಯೇಕವಾಗಿ ಗುರುತಿಸಿತು. ಶಿಫಾರಸು ಮಾಡಿದ ಮೀಸಲಾತಿ ಕ್ರಮವಾಗಿ ನೂರಕ್ಕೆ 16, 10 ಮತ್ತು 6. ಒಟ್ಟು 32. ಆಗ ಪರಿಶಿಷ್ಟ ಜಾತಿಗೆ 15, ಪರಿಶಿಷ್ಟ ಪಂಗಡಕ್ಕೆ 3 ಇತ್ತು. ಕೂಡಿಸಿದರೆ ಸರಿಯಾಗಿ 50. ನ್ಯಾಯಾಲಯ ಹೇಳಿದ ಗೆರೆಯ ಮೇಲೆ ಕಾಲಿಡದೆ, ಆ ಗೆರೆಯ ತನಕ ಬಂದು ನಿಂತ ವಕೀಲರ ಲೆಕ್ಕ ಇದು.

ಇನ್ನೊಂದು ದೊಡ್ಡ ವಿಚಾರ ಇಲ್ಲಿದೆ. ಹಿಂದುಳಿದವರು ಎಂಬುದು ಒಂದೇ ಗುಂಪಲ್ಲ. ಅವರೊಳಗೂ ಮೆಟ್ಟಿಲುಗಳಿವೆ. ಹತ್ತು ಎಕರೆ ಇರುವವರೂ, ಗುಡಾರವೇ ಮನೆಯಾದವರೂ ಒಂದೇ ಸಾಲಿನಲ್ಲಿ ನಿಂತರೆ ಬಡಿಸುವ ಮೊದಲೇ ಯಾರ ತಟ್ಟೆ ತುಂಬುತ್ತದೆ ಎಂದು ಎಲ್ಲರಿಗೂ ಗೊತ್ತು. ಅದಕ್ಕೆ ಸಾಲನ್ನೇ ಬೇರೆ ಮಾಡಬೇಕೆಂದು 1975ರಲ್ಲಿಯೇ ಹಾವನೂರರು ಹೇಳಿದ್ದರು. ಒಳಮೀಸಲಾತಿಯ ಚರ್ಚೆ ಇಂದು ದೇಶದಲ್ಲೆಲ್ಲ ನಡೆಯುತ್ತಿದೆ. ಅದರ ಬೇರುಗಳಲ್ಲಿ ಒಂದು ಈ ವರದಿಯಲ್ಲಿದೆ.

1975ರ ನವೆಂಬರ್ 19ರಂದು ವರದಿ ಸರ್ಕಾರದ ಕೈ ಸೇರಿತು. ವಿರೋಧ ಜೋರಾಗಿಯೇ ಬಂತು. ಲಿಂಗಾಯತ ಸಮುದಾಯವನ್ನು ಹಿಂದುಳಿದವರ ಪಟ್ಟಿಯಿಂದ ಹೊರಗಿಟ್ಟದ್ದು ದೊಡ್ಡ ವಿವಾದವಾಯಿತು. ಆ ಸಮುದಾಯದಲ್ಲಿಯೂ ಬಡ ಒಕ್ಕಲಿದ್ದಾರೆ, ಕುಶಲಕರ್ಮಿಗಳಿದ್ದಾರೆ, ಅವರ ಮಕ್ಕಳೂ ನಮ್ಮ ಜೊತೆಯೇ ಬೆಂಚು ಹಂಚಿಕೊಂಡವರು. ಅವರ ನೋವು ಸುಳ್ಳಲ್ಲ. ಸಮುದಾಯದ ಸರಾಸರಿ ಹಿಡಿದು ಅಳೆದಾಗ ಮುಂದಿರುವ ಸಮುದಾಯದೊಳಗಿನ ಬಡವ ಲೆಕ್ಕದಿಂದ ಜಾರಿಹೋಗುತ್ತಾನೆ ಎಂಬುದು ಈ ಅಳತೆಗೋಲಿನ ಮಿತಿ. ಇದನ್ನು ನಾವು ಪ್ರಾಮಾಣಿಕವಾಗಿ ಒಪ್ಪಬೇಕು. 1977ರ ಫೆಬ್ರುವರಿ 22ರಂದು ಸರ್ಕಾರ ಕೆಲವು ಬದಲಾವಣೆಗಳೊಂದಿಗೆ ಶಿಫಾರಸುಗಳನ್ನು ಜಾರಿಗೊಳಿಸಿದಾಗ, ಜಾತಿಯನ್ನು ನೋಡದೆ ಬಡತನದ ಮೇಲೆ ಅವಕಾಶ ಕೊಡುವ ವಿಶೇಷ ಗುಂಪು ಎಂಬ ವರ್ಗವನ್ನೂ ಸೇರಿಸಿತು.

ಆ ಮೇಲೆ ಹಾವನೂರರು ಅರಸು ಅವರ ಸಂಪುಟದಲ್ಲಿ ಕಾನೂನು ಸಚಿವರಾದರು. ದಕ್ಷಿಣ ಆಫ್ರಿಕಾದ ಕಪ್ಪು ಜನರು ವರ್ಣಭೇದ ನೀತಿಯಿಂದ ಹೊರಬಂದು ಹೊಸ ಸಂವಿಧಾನ ರೂಪಿಸುತ್ತಿದ್ದ ಕಾಲದಲ್ಲಿ ಅವರ ಸಲಹೆಯನ್ನೂ ಕೇಳಿದ್ದರು. ರಾಣೆಬೆನ್ನೂರಿನ ವಕೀಲರೊಬ್ಬರ ಅನುಭವ ಅಷ್ಟು ದೂರದ ಜನಕ್ಕೂ ಬೇಕಾಯಿತು ಎಂಬುದು ನಾವು ಹೆಮ್ಮೆಪಡುವ ಮಾತು.

ಮೀಸಲಾತಿಯ ಪ್ರಶ್ನೆ ನ್ಯಾಯಾಲಯದಲ್ಲಿ ಮುಂದುವರಿಯಿತು. 1985ರಲ್ಲಿ ವಸಂತಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಪ್ರತ್ಯೇಕವಾಗಿ ಅಭಿಪ್ರಾಯ ಬರೆದರು. ವೆಂಕಟಸ್ವಾಮಿ ಆಯೋಗ, ಚಿನ್ನಪ್ಪ ರೆಡ್ಡಿ ಆಯೋಗ ಬಂದವು. ದೇಶದ ಮಟ್ಟದಲ್ಲಿ ಮಂಡಲ್ ಆಯೋಗದ ವರದಿ, 1992ರ ಇಂದ್ರಾ ಸಹಾನಿ ತೀರ್ಪು ಬಂದವು. ನೀವು ಅರ್ಜಿಗಳಲ್ಲಿ ತುಂಬುವ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂಬ ಅಂಕಿಗಳು ಈ ದಾರಿಯಲ್ಲೇ ಹುಟ್ಟಿದವು. ಆ ಐದನ್ನೂ, ಅಂದರೆ 4, 15, 4, 4, 5ನ್ನು ಕೂಡಿಸಿ ನೋಡಿ. ಮತ್ತೆ 32 ಬರುತ್ತದೆ. ಒಳಗಿನ ಹಂಚಿಕೆ ಬದಲಾಗಿದೆ, ಒಟ್ಟು ಮೊತ್ತ ಹಾವನೂರರು ಹೇಳಿದಷ್ಟೇ ಇದೆ.

ಈಗ ನಮ್ಮ ತಾಲ್ಲೂಕುಗಳ ಮಾತು. 1976ರಲ್ಲಿ ಪ್ರಾದೇಶಿಕ ಮಿತಿ ಹೋದ ಮೇಲೂ ನಮ್ಮ ಕಡೆಯ ಬಹಳ ಮನೆಗಳಿಗೆ ತೊಂದರೆ ತಪ್ಪಲಿಲ್ಲ. ಪಟ್ಟಿಯಲ್ಲಿ ನಾಯಕ ಎಂದಿದೆ, ಶಾಲೆಯ ದಾಖಲಾತಿ ಪುಸ್ತಕದಲ್ಲಿ ಬೇಡ ಎಂದೋ ವಾಲ್ಮೀಕಿ ಎಂದೋ ಬರೆದಿದೆ. ಹಾಜರಿ ಕೂಗುವಾಗ ಮಾಸ್ತರರು ಯಾವ ಹೆಸರು ಬರೆದುಕೊಂಡರೋ ಅದರ ಮೇಲೆ ಒಂದು ಹುಡುಗನ ಭವಿಷ್ಯ ನಿಂತಿತು. ಈ ಹೆಸರುಗಳೆಲ್ಲ ಒಂದೇ ಸಮುದಾಯದವು ಎಂದು ಒಪ್ಪಿಸಲು ದೀರ್ಘ ಹೋರಾಟ ನಡೆಯಿತು. 1991ರಲ್ಲಿ ಬೇಡ, ಬೇಡರ್, ನಾಯಕ್, ವಾಲ್ಮೀಕಿ ಎಂಬ ಹೆಸರುಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದವು. ತಳವಾರ, ಪರಿವಾರ ಎಂಬ ಹೆಸರುಗಳು ಸೇರಲು 2020ರವರೆಗೆ ಕಾಯಬೇಕಾಯಿತು. ರಾಜ್ಯದಲ್ಲಿ ಪಂಗಡದ ಮೀಸಲಾತಿ ಶೇಕಡಾ 3ರಿಂದ 7ಕ್ಕೆ ಏರಿದ್ದು 2022ರಲ್ಲಿ.

2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ದೇವದುರ್ಗ, ಮಾನ್ವಿ, ರಾಯಚೂರು ಗ್ರಾಮೀಣ ವಿಧಾನಸಭಾ ಕ್ಷೇತ್ರಗಳೂ ರಾಯಚೂರು ಲೋಕಸಭಾ ಕ್ಷೇತ್ರವೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದವು. ಜಾನ್ ಲೂಯಿಸ್ ತಲೆ ಒಡೆಸಿಕೊಂಡು ಗಳಿಸಿದ್ದು ಮತಪೆಟ್ಟಿಗೆಯವರೆಗೆ ಹೋಗುವ ದಾರಿ. ನಮ್ಮ ಸಂವಿಧಾನ ಬಾಬಾಸಾಹೇಬರ ದುಡಿಮೆಯಿಂದ ಆ ದಾರಿಯನ್ನು ಮೊದಲ ದಿನವೇ ಎಲ್ಲರಿಗೂ ಕೊಟ್ಟಿತ್ತು. ಶಾಸನಸಭೆಯ ಕುರ್ಚಿಯೂ ಈಗ ಸಿಕ್ಕಿದೆ. ಹಾಗಾದರೆ ಕೆಲಸ ಮುಗಿಯಿತೇ?

ಉತ್ತರಕ್ಕೆ ಮತ್ತೆ ಲೆಕ್ಕವನ್ನೇ ಕೇಳೋಣ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳನ್ನು ಅಳೆಯಿತು. ಹಾವನೂರರು ಸಮುದಾಯಗಳನ್ನು ಅಳೆದರು, ನಂಜುಂಡಪ್ಪನವರು ನೆಲವನ್ನು ಅಳೆದರು. ದೇವದುರ್ಗ, ಮಾನ್ವಿ ಎರಡೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿದ್ದವು. ದೇವದುರ್ಗ ಎಲ್ಲಕ್ಕಿಂತ ಕೆಳಗಿತ್ತು. ಸಂವಿಧಾನದ 371ಜೆ ವಿಧಿ ನಮಗೆ ಸಿಕ್ಕಿದ್ದರ ಹಿಂದೆ ಇಂಥ ಲೆಕ್ಕಗಳ ಬಲವಿದೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ನೂರಕ್ಕೆ 60ರ ಒಳಗೇ ಇತ್ತು. ರಾಜ್ಯದ್ದು 75ಕ್ಕಿಂತ ಹೆಚ್ಚು. ನಮ್ಮ ಹೆಣ್ಣುಮಕ್ಕಳಲ್ಲಿ ಅಕ್ಷರ ಬಲ್ಲವರು ಅರ್ಧದಷ್ಟೂ ಇರಲಿಲ್ಲ, ನೂರಕ್ಕೆ 49ರ ಹತ್ತಿರ.

ಗೆಳೆಯರೇ, ಇಲ್ಲಿ ನಾನು ಸ್ವಲ್ಪ ಕಠಿಣವಾದ ಮಾತು ಹೇಳಬೇಕು. ಹಿರಿಯರು ಕ್ಷಮಿಸಬೇಕು. ಮೀಸಲಾತಿಯ ಸೌಲಭ್ಯ ಪಡೆದು ನೌಕರಿ ಹಿಡಿದ ನಾವು, ರಾಯಚೂರಿನಲ್ಲಿ, ಬೆಂಗಳೂರಿನಲ್ಲಿ ಮನೆ ಕಟ್ಟಿದ ನಾವು, ನಮ್ಮ ಮಕ್ಕಳನ್ನು ಯಾವ ಶಾಲೆಗೆ ಕಳಿಸಿದ್ದೇವೆ? ಈ ಶಾಲೆಗಂತೂ ಅಲ್ಲ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಒಳ್ಳೆಯದು ಎಲ್ಲಿ ಸಿಗುತ್ತದೋ ಅಲ್ಲಿಗೆ ಮಕ್ಕಳನ್ನು ಕಳಿಸುವುದು ತಂದೆತಾಯಿಯ ಆಸೆ. ಆದರೆ ಇಂದು ಈ ಬೆಂಚುಗಳ ಮೇಲೆ ಕುಳಿತಿರುವವರು ಯಾರು? ಅಪ್ಪ ಅವ್ವ ಗುಳೆ ಹೋದಾಗ ಅಜ್ಜಿಯ ಹತ್ತಿರ ಉಳಿದು ಓದುವ ಮಕ್ಕಳು. ಹತ್ತಿ ಬಿಡಿಸುವ ಕಾಲಕ್ಕೆ, ಮೆಣಸಿನಕಾಯಿ ಹರಿಯುವ ಕಾಲಕ್ಕೆ ತಿಂಗಳುಗಟ್ಟಲೆ ಹಾಜರಿ ತಪ್ಪುವ ಮಕ್ಕಳು. ಎಂಟನೇ ತರಗತಿಗೆ ಬಂದು, ಒಂಬತ್ತರಲ್ಲಿ ಕಾಣದಾಗಿ, ಮುಂದಿನ ಬೇಸಿಗೆಯಲ್ಲಿ ಮದುವೆಯ ಚಪ್ಪರದಲ್ಲಿ ಕಾಣುವ ಹುಡುಗಿಯರು. ಇವರೆದುರಿಗೂ ಬಾಗಿಲು ತೆರೆದೇ ಇದೆ. ಫಲಕ ಇಲ್ಲ. ಆದರೂ ಇವರು ಒಳಗೆ ಉಳಿಯುತ್ತಿಲ್ಲ.

ಹಾವನೂರರು ಇಂದು ಈ ಶಾಲೆಗೆ ಬಂದರೆ ಏನು ಕೇಳುತ್ತಿದ್ದರು ಎಂದು ನಾನು ಯೋಚಿಸಿದ್ದೇನೆ. ಅವರು ಸನ್ಮಾನ, ಹಾರ, ಶಾಲು ಕೇಳುತ್ತಿರಲಿಲ್ಲ ಎಂದು ನನ್ನ ಭಾವನೆ. ಮುಖ್ಯೋಪಾಧ್ಯಾಯರ ಕೋಣೆಯ ಕಪಾಟಿನಲ್ಲಿರುವ ದಾಖಲಾತಿ ಪುಸ್ತಕ ಕೇಳುತ್ತಿದ್ದರು. ಅದರ ಪಕ್ಕದಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಪುಸ್ತಕ ಇಟ್ಟುಕೊಂಡು ಲೆಕ್ಕ ಹಾಕುತ್ತಿದ್ದರು.

ಅವರ ಆಯೋಗ ಕೆಲಸ ಮಾಡುತ್ತಿದ್ದ ಕಾಲದಲ್ಲಿಯೇ ನಮ್ಮ ಶಾಲೆ ಹುಟ್ಟಿತು. ಹಾಗಾಗಿ ನಮ್ಮ ದಾಖಲಾತಿ ಪುಸ್ತಕ ತೆರೆದರೆ ಈ ಐವತ್ತು ವರ್ಷದ ಸಾಮಾಜಿಕ ಇತಿಹಾಸವೇ ತೆರೆದ ಹಾಗೆ. ಹೊಸ ಸಮುದಾಯದ ಮಗು ಮೊದಲ ಸಲ ಪ್ರೌಢಶಾಲೆಗೆ ಬಂದ ವರ್ಷ ಅದರಲ್ಲಿದೆ. ಒಂದು ಕೇರಿಯಿಂದ ಮೊದಲ ಹುಡುಗಿ ಪಾಸಾದ ವರ್ಷ ಅದರಲ್ಲಿದೆ. ಬರಗಾಲ ಬಂದಾಗ ಎಷ್ಟು ಹೆಸರುಗಳ ಮೇಲೆ ಕೆಂಪು ಗೆರೆ ಬಿತ್ತು ಎಂಬುದೂ ಅದರಲ್ಲಿದೆ.

ಆದ್ದರಿಂದ ಸುವರ್ಣ ಮಹೋತ್ಸವ ಸಮಿತಿಯ ಮುಂದೆ ನಾನು ಒಂದೇ ಬೇಡಿಕೆ ಇಡುತ್ತೇನೆ. ಸ್ವಾಗತ ಕಮಾನು ಕಟ್ಟೋಣ, ಬೇಡ ಎನ್ನುವುದಿಲ್ಲ. ಅದರ ಜೊತೆಗೆ ಹಳೆಯ ವಿದ್ಯಾರ್ಥಿಗಳಲ್ಲಿ ಲೆಕ್ಕ ಬಲ್ಲ ನಾಲ್ಕೈದು ಜನ ಸೇರಿ, ಶಿಕ್ಷಕರ ಸಹಾಯದಿಂದ, ಐವತ್ತು ವರ್ಷಗಳಲ್ಲಿ ಎಂಟನೇ ತರಗತಿಗೆ ಸೇರಿದವರೆಷ್ಟು, ಹತ್ತು ಪಾಸಾದವರೆಷ್ಟು, ಗಂಡು ಹೆಣ್ಣು ಎಷ್ಟು, ಯಾವ ಹಳ್ಳಿಯವರು ನಡುವೆಯೇ ಬಿಟ್ಟರು ಎಂದು ಎಣಿಸೋಣ. ಯಾರ ಹೆಸರನ್ನೂ ಹೊರಗೆ ಹಾಕುವುದು ಬೇಡ, ಸಂಖ್ಯೆ ಸಾಕು. ಆ ಮೇಲೆ ಈ ವರ್ಷ ಎಂಟನೇ ತರಗತಿಗೆ ಸೇರಿದ ಮಕ್ಕಳ ಪಟ್ಟಿ ಹಿಡಿಯೋಣ. ಅವರಲ್ಲಿ ಯಾರು ಗುಳೆ ಹೋಗುವ ಮನೆಯವರು, ಯಾರಿಗೆ ಬಸ್ಸಿಲ್ಲ, ಯಾರಿಗೆ ಹಾಸ್ಟೆಲ್ ಸೀಟು ಬೇಕು ಎಂದು ಕೇಳೋಣ. ಮೂರು ವರ್ಷದ ನಂತರ ಆ ಪಟ್ಟಿಯ ಎಲ್ಲ ಹೆಸರುಗಳೂ ಹತ್ತನೇ ತರಗತಿಯ ಹಾಲ್ ಟಿಕೆಟಿನಲ್ಲಿ ಇರುವಂತೆ ನೋಡಿಕೊಳ್ಳೋಣ. ಒಬ್ಬೊಬ್ಬ ಹಳೆಯ ವಿದ್ಯಾರ್ಥಿ ಇಬ್ಬರು ಮಕ್ಕಳ ಹೊಣೆ ಹೊತ್ತರೆ ಇದು ಅಸಾಧ್ಯವಾದ ಕೆಲಸವಲ್ಲ.

ಮಕ್ಕಳೇ, ನಿಮಗೂ ಒಂದು ಮಾತು. ಜಾತಿ ಪ್ರಮಾಣಪತ್ರಕ್ಕೆ ಸಾಲಿನಲ್ಲಿ ನಿಂತಾಗ ಯಾರಾದರೂ ಚುಚ್ಚಿ ಮಾತನಾಡಿದರೆ ತಲೆ ತಗ್ಗಿಸಬೇಡಿ. ಆ ಕಾಗದ ಯಾರೋ ಕೊಟ್ಟ ಭಿಕ್ಷೆಯಲ್ಲ. ಅದರ ಹಿಂದೆ ಮೂರು ವರ್ಷ ರಾಜ್ಯ ಸುತ್ತಿ ಎಣಿಸಿದ ಜನರ ದುಡಿಮೆ ಇದೆ, ಸಂವಿಧಾನದ ಮಾತಿದೆ. ಹಾಗೆಯೇ ಪಕ್ಕದ ಬೆಂಚಿನ ಗೆಳೆಯನಿಗೆ ಆ ಕಾಗದ ಇಲ್ಲದಿದ್ದರೆ ಅವನನ್ನು ಎದುರಾಳಿ ಎಂದು ತಿಳಿಯಬೇಡಿ. ಅವನ ಮನೆಯ ಬಡತನವೂ ಬಡತನವೇ. ಹಾವನೂರರು ಎಣಿಸಿದ್ದು ಯಾರನ್ನೋ ಕೆಳಗಿಳಿಸಲು ಅಲ್ಲ. ಲೆಕ್ಕಕ್ಕೇ ಬಾರದವರನ್ನು ಲೆಕ್ಕಕ್ಕೆ ತರಲು.

1972ರಲ್ಲಿ ಸಾವಿರಕ್ಕೆ 1.69. ಆ ಸಂಖ್ಯೆಯ ಒಳಗೆ ಆಗ ಇಲ್ಲದವರ ಮೊಮ್ಮಕ್ಕಳು ನೀವು. ಬರುವ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ನಿಮ್ಮ ತರಗತಿಯ ಹಾಜರಿ ಪುಸ್ತಕದಲ್ಲಿರುವ ಒಬ್ಬರೂ ತಪ್ಪದೆ ಕೂರಬೇಕು. ಕಾಣದಾದ ಗೆಳತಿಯ ಮನೆಗೆ ನೀವೇ ಹೋಗಿ ಕರೆದುಕೊಂಡು ಬನ್ನಿ. ಒಬ್ಬರಿಂದ ಆಗದಿದ್ದರೆ ನಿಮ್ಮ ಗುರುಗಳಿಗೆ ಹೇಳಿ, ನಮಗೆ ಹೇಳಿ, ನಾವೂ ಜೊತೆಗೆ ಬರುತ್ತೇವೆ.